ಹನ್ನೊಂದು ಜನಕ್ಕೆ ಮೇಲ್ ಹೋಯಿತು, ಒಬ್ಬರೂ ಓದಲಿಲ್ಲ. ನಾನು ಹೇಗೆ ಬರೆಯಬೇಕಿತ್ತು?

ತಿಪಟೂರಿನ ಹುಡುಗಿ

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದ ಒಂದು ಮಷಿನ್ ಶಾಪಿನಲ್ಲಿ ಪರ್ಚೇಸ್ ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಡ್ರಾಯಿಂಗ್ ಓದುವುದು, ವರ್ನಿಯರ್ ಹಿಡಿಯುವುದು ಕಾಲೇಜಿನಲ್ಲಿ ಕಲಿಸಿದರು. ಮೇಲ್ ಬರೆಯುವುದನ್ನು ಯಾರೂ ಕಲಿಸಲಿಲ್ಲ. ಪಕ್ಕದ ಸೀಟಿನವರು ಬರೆಯುವುದನ್ನು ನೋಡಿ ನಾನೂ ಹಾಗೇ ಬರೆಯುತ್ತಾ ಬಂದೆ.

ಹೋದ ತಿಂಗಳು ಆದದ್ದು ಹೇಳುತ್ತೇನೆ. ನಮ್ಮ ಗಿರಾಕಿ ಕಂಪನಿಯವರು ಒಂದು ಬುಶ್ಶಿನ, ಅಂದರೆ ಕೊಳವೆಯಂಥ ಟೊಳ್ಳು ಬಿಡಿಭಾಗದ, ಡ್ರಾಯಿಂಗ್ ಬದಲಾಯಿಸಿದರು. ರಿವಿಷನ್ ಬಿ ಹೋಗಿ ಸಿ ಬಂತು. ಬೋರ್, ಅಂದರೆ ನಡುವಿನ ತೂತಿನ ಅಳತೆ, 22 ಮಿಲಿಮೀಟರ್ ಇದ್ದದ್ದು 20 ಆಯಿತು, ಅಷ್ಟೇ. ಆದರೆ ಅವರು ಅದನ್ನು ಕಳಿಸಿದ್ದು ಹಳೇ ಪೇಮೆಂಟ್ ಮೇಲ್‌ಗೇ ರಿಪ್ಲೈ ಮಾಡಿ. ಸಬ್ಜೆಕ್ಟ್‌ನಲ್ಲಿ ‘ರೀ: ರೀ: ಫಾರ್ವರ್ಡ್: ಪೇಮೆಂಟ್ ರಿಮೈಂಡರ್’ ಅಂತಲೇ ಇತ್ತು. ಕೆಳಗೆ ಮೂವತ್ತೊಂದು ಮೇಲ್‌ಗಳ ಬಾಲ. ನಾನು ಅದನ್ನು ನೋಡಿದೆ. ‘ಫಾರ್ ಯುವರ್ ಇನ್ಫರ್ಮೇಶನ್ ಪ್ಲೀಸ್’ ಅಂತ ಮೇಲೆ ಒಂದು ಸಾಲು ಬರೆದೆ. ಹೊರಗಿನಿಂದ ನಮಗೆ ಜಾಬ್ ವರ್ಕ್ ಮಾಡಿಕೊಡುವ ಲೇತ್‌ನವರಿಗೂ ಆಫೀಸಿನ ಹತ್ತು ಜನಕ್ಕೂ ಒಟ್ಟಿಗೆ ಫಾರ್ವರ್ಡ್ ಮಾಡಿದೆ. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

240 ಬುಶ್ಶುಗಳು 22ಕ್ಕೇ ಬಂದವು. ಬೋರ್ ಚಿಕ್ಕದಿದ್ದರೆ ಇನ್ನಷ್ಟು ತೆಗೆಯಬಹುದು. ದೊಡ್ಡದಾದ ಮೇಲೆ ಏನು ಮಾಡುವುದು? ಎಲ್ಲ ಸ್ಕ್ರ್ಯಾಪ್. ಇನ್‌ಸ್ಪೆಕ್ಷನ್ ಟೇಬಲ್ ಮೇಲೆ ತೂತು ಅಳೆಯುವ ಪ್ಲಗ್ ಗೇಜಿನ ನೋ ಗೋ ಕಡೆ, ಒಳಗೆ ಹೋಗಲೇಬಾರದ ಕಡೆ, ಸಲೀಸಾಗಿ ಒಳಗೆ ಜಾರಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಮೀಟಿಂಗ್‌ನಲ್ಲಿ ಕೇಳಿದಾಗ ಎಲ್ಲರೂ ‘ಮೇಲ್ ಬಂದಿತ್ತು’ ಅಂದರು. ಓದಿದವರು ಒಬ್ಬರೂ ಇಲ್ಲ. ನಾನು ಅವರನ್ನು ದೂರುವುದಿಲ್ಲ. ಅಂಥ ಮೇಲ್ ನನಗೆ ಬಂದಿದ್ದರೆ ನಾನೂ ತೆರೆಯುತ್ತಿರಲಿಲ್ಲ.

ಅದಾದ ಮೇಲೆ ನಮ್ಮ ಮ್ಯಾನೇಜರ್ ಪ್ರತಿ ಮೇಲ್‌ಗೂ ಎಲ್ಲರನ್ನೂ ಸಿಸಿ ಹಾಕಬೇಕು ಅಂತ ಹೇಳಿದ್ದಾರೆ. ಈಗ ದಿನಕ್ಕೆ ನೂರರ ಮೇಲೆ ಮೇಲ್ ಬರುತ್ತವೆ. ಅರ್ಧಕ್ಕರ್ಧ ‘ನೋಟೆಡ್’, ‘ಓಕೆ ಸರ್’, ‘ಥ್ಯಾಂಕ್ಸ್’. ಇನ್ನೊಂದು ಡ್ರಾಯಿಂಗ್ ಇದರಲ್ಲೇ ಹೂತು ಹೋಗುತ್ತದೆ ಅಂತ ನನಗೆ ನಿಜವಾಗಲೂ ಭಯ. ಸಬ್ಜೆಕ್ಟ್ ಹೇಗೆ ಬರೆಯಬೇಕು? ಯಾರನ್ನು ಸಿಸಿ ಹಾಕಬೇಕು? ದೊಡ್ಡವರಿಗೆ ಇದನ್ನು ಹೇಗೆ ಹೇಳುವುದು?

ಇನ್ನೊಂದು ಮಾತು. ಲೇತ್‌ನ ಅಣ್ಣನಿಗೆ ಇಂಗ್ಲಿಷ್ ಕಷ್ಟ. ಫೋನಿನಲ್ಲಿ ನಾವು ಮಾತಾಡುವುದೆಲ್ಲ ಕನ್ನಡ. ಮೇಲ್ ಮಾತ್ರ ಇಂಗ್ಲಿಷ್. ಕನ್ನಡದಲ್ಲಿ ಬರೆದರೆ ಆಫೀಸಿನಲ್ಲಿ ಏನಂದುಕೊಳ್ಳುತ್ತಾರೋ ಅನ್ನುವ ಹಿಂಜರಿಕೆ ಇದೆ. ಬರೆಯಬಹುದಾ?

ಕಚೇರಿ ಪ್ರತಿ

ತಂಗಿ, ತಪ್ಪು ಮುಚ್ಚಿಡದೆ ಬರೆದಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿ ಉತ್ತರಿಸುತ್ತೇನೆ.

ನಾನು ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಶುರು ಮಾಡಿ ಪ್ರಥಮ ದರ್ಜೆ ಸಹಾಯಕನಾಗಿ ನಿವೃತ್ತನಾದವನು. 34 ವರ್ಷ ಪತ್ರಗಳ ನಡುವೆಯೇ ಕಳೆದೆ. ನೀವು ಕೇಳಿದ್ದಕ್ಕೆಲ್ಲ ಉತ್ತರ ನಮ್ಮ ಹಳೇ ಕನ್ನಡ ಕಚೇರಿ ಪತ್ರದಲ್ಲಿದೆ. ಅದರ ನಮೂನೆ ನೆನಪಿಸಿಕೊಳ್ಳಿ. ಮೇಲೆ ಸಂಖ್ಯೆ, ದಿನಾಂಕ. ‘ಮಾನ್ಯರೇ’ ಆದ ಮೇಲೆ ‘ವಿಷಯ’. ಅದರ ಕೆಳಗೆ ‘ಉಲ್ಲೇಖ’. ಆಮೇಲೆ ಒಕ್ಕಣೆ.

ವಿಷಯದ ಸಾಲಿನಲ್ಲಿ ಸುಮ್ನೆ ‘ಮಾಹಿತಿ ನೀಡುವ ಬಗ್ಗೆ’ ಅಂತ ಬರೆದುಕೊಂಡು ಹೋದರೆ ನಮ್ಮ ಶಿರಸ್ತೇದಾರರು ಸಹಿಗೆ ಕಳಿಸುತ್ತಿರಲಿಲ್ಲ. ಯಾವ ಊರು, ಯಾವ ಸರ್ವೆ ನಂಬರು, ಏನಾಗಬೇಕು, ಈ ಮೂರು ಆ ಒಂದೇ ಸಾಲಿನಲ್ಲಿ ಕಾಣಬೇಕಿತ್ತು. ನಿಮ್ಮ ಮೇಲ್‌ಗೆ ಹಾಕಿ ನೋಡಿ. ಯಾವ ಬುಶ್, ಯಾವ ರಿವಿಷನ್, ಏನು ಮಾಡಬೇಕು. ‘ಪೇಮೆಂಟ್ ರಿಮೈಂಡರ್’ ಅನ್ನುವಲ್ಲಿ ಈ ಮೂರರಲ್ಲಿ ಒಂದೂ ಇಲ್ಲ ಅಲ್ವಾ?

ಒಂದು ಪತ್ರಕ್ಕೆ ಒಂದೇ ವಿಷಯ ಅನ್ನುವ ಕಟ್ಟುನಿಟ್ಟೂ ಇತ್ತು. ಅದಕ್ಕೆ ಕಾರಣ ಇದೆ. ಪ್ರತಿ ವಿಷಯಕ್ಕೂ ಬೇರೆ ಕಡತ. ಒಂದೇ ಹಾಳೆಯಲ್ಲಿ ಎರಡು ವಿಷಯ ಬರೆದರೆ ಅದನ್ನು ಯಾವ ಕಡತಕ್ಕೆ ಸೇರಿಸುವುದು? ಪೇಮೆಂಟಿನ ಕಡತದೊಳಗೆ ಡ್ರಾಯಿಂಗ್ ಇಟ್ಟರೆ ಸಿಗುತ್ತದೆಯೇ? ನಿಮಗೆ ಆದದ್ದು ಅದೇ.

ಇನ್ನು ಸಿಸಿ. ಅದು ಕಾರ್ಬನ್ ಕಾಪಿ ಅನ್ನುವುದರ ಮೊದಲ ಅಕ್ಷರಗಳು. ಟೈಪ್‌ರೈಟರಿನಲ್ಲಿ ಹಾಳೆಗಳ ನಡುವೆ ಕಾರ್ಬನ್ ಇಟ್ಟು ಹೊಡೆಯುತ್ತಿದ್ದೆವು. ಮೂರನೇ ಪ್ರತಿಯವರೆಗೆ ಚೆನ್ನಾಗಿ ಬರುತ್ತಿತ್ತು. ಐದನೆಯದು ಮಸುಕು. ಹಾಗಾಗಿ ಯಾರಿಗೆ ಪ್ರತಿ ಬೇಕೇ ಬೇಕು ಅಂತ ಯೋಚಿಸಲೇಬೇಕಿತ್ತು. ಪತ್ರದ ಕೊನೆಯಲ್ಲಿ ‘ಪ್ರತಿಗಳು’ ಅಂತ ಬರೆದು, ಕೆಲವರ ಮುಂದೆ ‘ಸೂಕ್ತ ಕ್ರಮಕ್ಕಾಗಿ’ ಅಂತ, ಉಳಿದವರ ಮುಂದೆ ‘ಮಾಹಿತಿಗಾಗಿ’ ಅಂತ ನಮೂದಿಸುತ್ತಿದ್ದೆವು. ಈ ಎರಡು ಮಾತು ಹಿಡಿದುಕೊಳ್ಳಿ. ಕ್ರಮ ಯಾರದೋ ಅವರು ‘ಟು’ ಸಾಲಿನಲ್ಲಿ. ತಿಳಿದಿದ್ದರೆ ಸಾಕು ಅನ್ನುವವರು ಸಿಸಿಯಲ್ಲಿ. ಹನ್ನೊಂದು ಜನರಲ್ಲಿ ಕ್ರಮ ಯಾರದು ಅಂತ ನೀವು ಬರೆಯಲಿಲ್ಲ. ಹಾಗಾಗಿ ಹನ್ನೊಂದು ಜನಕ್ಕೂ ಅದು ಬೇರೆಯವರ ಕೆಲಸವಾಗಿ ಕಂಡಿತು.

ಕನ್ನಡದಲ್ಲಿ ಖಂಡಿತ ಬರೆಯಿರಿ. ಓದುವವರಿಗೆ ಅರ್ಥವಾಗಲಿ ಅಂತಲೇ ತಾನೇ ಪತ್ರ ಬರೆಯುವುದು.

ಲಗ್ಗೆರೆ ಲೇತ್

ನಾನು ಆ ಇನ್ನೊಂದು ಕಡೆಯವನು ತಂಗಿ. ನಾಲ್ಕು ಮಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತೇನೆ. ನಿಮ್ಮ ಬುಶ್ ಮಾಡಿದವನು ನಾನಲ್ಲ. ಆದರೆ ಇಂಥದ್ದು ನನಗೂ ಎರಡು ಸಲ ಆಗಿದೆ. ಒಂದು ಸಲ ಮೆಟೀರಿಯಲ್ ದುಡ್ಡು ನನ್ನ ಬಿಲ್ಲಿನಲ್ಲೇ ಹಿಡಿದರು.

ನಾವು ಮೇಲ್ ಓದುವುದು ಹೇಗೆ ಅಂತ ಹೇಳುತ್ತೇನೆ. ಮೇಜು, ಕಂಪ್ಯೂಟರ್ ಏನೂ ಇಲ್ಲ. ಮಷಿನ್ ಪಕ್ಕ ನಿಂತುಕೊಂಡು, ಕೈಗೆ ಕೂಲಂಟ್ ಮೆತ್ತಿರುವಾಗ ವೇಸ್ಟ್ ಬಟ್ಟೆಯಲ್ಲಿ ಒರೆಸಿಕೊಂಡು ಫೋನ್ ತೆಗೆಯುತ್ತೇನೆ. ಕಾಣುವುದು ಕಳಿಸಿದವರ ಹೆಸರು, ಸಬ್ಜೆಕ್ಟ್, ಮೊದಲ ಒಂದೆರಡು ಸಾಲು. ಆ ಜಾಗವನ್ನೆಲ್ಲ ‘ಗುಡ್ ಮಾರ್ನಿಂಗ್ ಸರ್, ಹೋಪ್ ಯು ಆರ್ ಡೂಯಿಂಗ್ ವೆಲ್’ ತುಂಬಿಕೊಂಡರೆ ನನಗೆ ಏನು ತಿಳಿಯಬೇಕು? ಮೊದಲ ಸಾಲಲ್ಲೇ ಬರೆಯಿರಿ: ‘ಅಣ್ಣ, ಬುಶ್ ಕೆಲಸ ನಿಲ್ಲಿಸಿ. ಬೋರ್ 22 ಅಲ್ಲ, 20.’ ಇಷ್ಟು ಕಂಡರೆ ನಾನು ಓಡಿ ಹೋಗಿ ಮಷಿನ್ ನಿಲ್ಲಿಸುತ್ತೇನೆ. ನಮಸ್ಕಾರ ಕೆಳಗೆ ಹೇಳಿದರೂ ನನಗೆ ಬೇಜಾರಿಲ್ಲ.

ಫೈಲಿನ ಹೆಸರು ಇನ್ನೊಂದು ತಲೆನೋವು. ‘ಸ್ಕ್ಯಾನ್ 0047’ ಅಂತ ಬರುತ್ತದೆ. ನನ್ನ ಫೋನಿನಲ್ಲಿ ಅಂಥವು ಐವತ್ತಿವೆ. ಪಾರ್ಟ್ ನಂಬರ್, ರಿವಿಷನ್, ತಾರೀಖು ಫೈಲಿನ ಹೆಸರಲ್ಲೇ ಇರಲಿ.

ಇದನ್ನು ಯಾವ ಆಫೀಸಿನವರೂ ಯೋಚಿಸುವುದಿಲ್ಲ, ನೀವು ದಯವಿಟ್ಟು ಯೋಚಿಸಿ. ರಾತ್ರಿ ಪಾಳಿಯ ಹುಡುಗನಿಗೆ ಮೇಲ್ ಇಲ್ಲ. ಅವನಿಗೆ ಗೊತ್ತಿರುವುದು ಮಷಿನ್ ಬಾಗಿಲಿಗೆ ಟೇಪ್ ಹಾಕಿ ಅಂಟಿಸಿದ ಪ್ರಿಂಟು. ಹೊಸ ಡ್ರಾಯಿಂಗ್ ನನ್ನ ಫೋನಿಗೆ ಬಂದರೂ ಹಳೇ ಪ್ರಿಂಟು ಅಲ್ಲೇ ಇದ್ದರೆ ಅವನು ಬೆಳಗಿನವರೆಗೆ ಹಳೇ ಸೈಜೇ ಹೊಡೆಯುತ್ತಾನೆ. ‘ಹಳೇ ಪ್ರಿಂಟ್ ಕಿತ್ತು ಹೊಸದು ಅಂಟಿಸಿ’ ಅಂತ ಮೇಲ್‌ನಲ್ಲಿ ಬರೆಯಿರಿ. ಆಮೇಲೆ ನಮ್ಮಿಂದ ಬರೀ ‘ಓಕೆ’ ತೆಗೆದುಕೊಳ್ಳಬೇಡಿ. ‘ರಿವಿಷನ್ ಸಿ, ಬೋರ್ 20, ಇವತ್ತಿನ ಪಾಳಿಯಿಂದ’ ಅಂತ ನಂಬರ್ ಸಮೇತ ತಿರುಗಿ ಬರೆಸಿಕೊಳ್ಳಿ. ನಂಬರ್ ಬರೆಯಬೇಕಾದರೆ ಓದಲೇಬೇಕಲ್ಲ.

ಮೇಲ್ ಹಾಕಿ ಒಂದು ಫೋನೂ ಮಾಡಿ. ವಾಟ್ಸಾಪ್‌ನಲ್ಲಿ ಡ್ರಾಯಿಂಗ್ ಹಾಕಿದರೆ ಇನ್ನೂ ಬೇಗ ಕಾಣುತ್ತದೆ.

ಸರ್ವರ್ ರೂಮ್

ಲಗ್ಗೆರೆ ಅಣ್ಣ, ಫೋನ್ ಮಾಡುವುದು ಸರಿ. ವಾಟ್ಸಾಪ್ ಮಾತ್ರ ನಾನು ಒಪ್ಪುವುದಿಲ್ಲ. ಗಿರಾಕಿಯ ಡ್ರಾಯಿಂಗ್ ಗುಂಪಿನಿಂದ ಗುಂಪಿಗೆ ಹೋದರೆ ವಾಪಸ್ ಹಿಡಿಯುವುದಕ್ಕೆ ಆಗುವುದಿಲ್ಲ. ‘ಮೇಲ್ ಹಾಕಿದ್ದೇನೆ, ನೋಡಿ’ ಅಂತ ಅಲ್ಲಿ ಹೇಳಿದರೆ ಸಾಕು.

ನಾನು ಹನ್ನೆರಡು ವರ್ಷದಿಂದ ಕಂಪನಿಗಳ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದೇನೆ. ಮೇಡಂ, ನಿಮ್ಮ ಕಥೆಯಲ್ಲಿ ಇನ್ನೊಂದು ಅಪಾಯ ಇದೆ. ಆ ಮೂವತ್ತೊಂದು ಮೇಲ್‌ಗಳ ಬಾಲ ಹೊರಗಿನವರಿಗೂ ಹೋಯಿತು. ಗಿರಾಕಿ ನಿಮಗೆ ಎಷ್ಟು ಕೊಡುತ್ತಾರೆ, ಯಾವಾಗ ಕೊಡುತ್ತಾರೆ ಎಲ್ಲ ಅದರಲ್ಲಿ ಇದ್ದಿರಬಹುದು. ಹೊರಗೆ ಕಳಿಸುವಾಗ ಹೊಸ ಮೇಲ್ ತೆರೆಯಿರಿ, ಫೈಲ್ ಮಾತ್ರ ಸೇರಿಸಿ.

ಕಳಿಸಿದ ಮೇಲ್ ವಾಪಸ್ ಪಡೆಯಬಹುದು ಅಂತ ತುಂಬ ಜನ ನಂಬಿದ್ದಾರೆ. ಔಟ್‌ಲುಕ್‌ನ ರೀಕಾಲ್ ಒಂದೇ ಸಂಸ್ಥೆಯ ಒಳಗಿನ ಮೇಲ್‌ಗೆ ಮಾತ್ರ. ಹೊರಗೆ ಹೋದದ್ದು ಹೋಯಿತು. ಜಿಮೇಲ್‌ನಲ್ಲಿ ‘ಅನ್‌ಡೂ ಸೆಂಡ್’ ಇದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು 30 ಸೆಕೆಂಡಿಗೆ ಏರಿಸಿಕೊಳ್ಳಿ, ಅದಕ್ಕಿಂತ ಜಾಸ್ತಿ ಸಿಗುವುದಿಲ್ಲ. ನಾನು ‘ಟು’ ಸಾಲನ್ನು ಕೊನೆಗೆ ತುಂಬುತ್ತೇನೆ. ಮೊದಲು ಫೈಲ್, ಆಮೇಲೆ ಬರಹ, ಆಮೇಲೆ ವಿಳಾಸ. ಅರ್ಧ ಬರೆದದ್ದು ಕೈತಪ್ಪಿ ಹೋಗುವುದಿಲ್ಲ.

ಫೈಲಿನ ಗಾತ್ರದ ಬಗ್ಗೆ. ಜಿಮೇಲ್‌ನ ಮಿತಿ 25 ಎಂಬಿ. ಆದರೆ ಫೈಲ್ ಮೇಲ್ ಒಳಗೆ ಸೇರುವಾಗ ಅಕ್ಷರ ರೂಪಕ್ಕೆ ಬದಲಾಗುತ್ತದೆ. ಮೂರನೇ ಒಂದು ಪಾಲಿನಷ್ಟು ಉಬ್ಬುತ್ತದೆ. 20 ಎಂಬಿ ಇದ್ದದ್ದು ಸುಮಾರು 27 ಆಗುತ್ತದೆ. ಹಾಗಾಗಿ ಮಿತಿಯೊಳಗೇ ಇದ್ದ ಫೈಲೂ ಕೆಲವು ಸಲ ಬೌನ್ಸ್ ಆಗುತ್ತದೆ, ಅಂದರೆ ತಲುಪದೆ ವಾಪಸ್ ಬರುತ್ತದೆ. ಒಂದು ಪಾರ್ಟಿಗೆ ಒಂದು ಚಿಕ್ಕ ಪಿಡಿಎಫ್ ಸಾಕು.

ರಿಪ್ಲೈ ಆಲ್ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ನಮ್ಮ ಕೆಲಸದವರೆಲ್ಲ ಒಂದು ಘಟನೆ ನೆನೆಯುತ್ತೇವೆ. 2016ರ ನವೆಂಬರ್ 14. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ ಮೇಲ್ ವ್ಯವಸ್ಥೆಯಲ್ಲಿ ಒಂದು ಪರೀಕ್ಷೆಯ ಮೇಲ್ ಸುಮಾರು 8.4 ಲಕ್ಷ ಜನಕ್ಕೆ ಹೋಯಿತು. ಜನ ‘ನನ್ನನ್ನು ಈ ಪಟ್ಟಿಯಿಂದ ತೆಗೆಯಿರಿ’ ಅಂತ ಉತ್ತರಿಸಿದರು, ಅದೂ ರಿಪ್ಲೈ ಆಲ್ ಒತ್ತಿ. ಒಂದೊಂದು ಉತ್ತರವೂ ಮತ್ತೆ ಎಲ್ಲರಿಗೂ ಹೋಯಿತು. ಇಡೀ ವ್ಯವಸ್ಥೆ ನಿಧಾನವಾಯಿತು. ನಿಮ್ಮ ಆಫೀಸಿನ ‘ನೋಟೆಡ್’ಗಳೂ ಇದೇ ಜಾತಿ, ಗಾತ್ರ ಮಾತ್ರ ಚಿಕ್ಕದು.

ಕನ್ನಡದ ಬಗ್ಗೆ: ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಫೋನಿನ ಕನ್ನಡ ಕೀಬೋರ್ಡ್ ಅದನ್ನೇ ಕೊಡುತ್ತದೆ. ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ.

ನೀವು ಪರ್ಚೇಸ್‌ನಲ್ಲಿ ಇರುವುದರಿಂದ ಇದನ್ನೂ ಹೇಳಲೇಬೇಕು. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ’ ಅಂತ ಸಪ್ಲೈಯರ್ ಹೆಸರಿನಲ್ಲಿ ಮೇಲ್ ಬಂದರೆ ನಂಬಬೇಡಿ. ವಿಳಾಸದಲ್ಲಿ ಒಂದೇ ಅಕ್ಷರ ಬೇರೆ ಇರುತ್ತದೆ. ಕೆಲವು ಸಲ ಅವರ ಮೇಲ್ ಖಾತೆಯನ್ನೇ ಕಳ್ಳರು ಹಿಡಿದಿರುತ್ತಾರೆ, ಆಗ ವಿಳಾಸವೂ ಸರಿಯಾಗೇ ಇರುತ್ತದೆ. ಮೊದಲಿಂದ ನಿಮ್ಮ ಹತ್ತಿರ ಇರುವ ನಂಬರಿಗೆ ಫೋನ್ ಮಾಡಿ ಕೇಳಿ. ಆ ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ. ದುಡ್ಡು ಹೋಗಿಯೇ ಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಮ್ಯಾನೇಜರ್‌ಗೆ ‘ಸಿಸಿ ಬೇಡ’ ಅಂತ ಹೇಳಬೇಡಿ. ಅವರಿಗೆ ಬೇಕಿರುವುದು ಇನ್ನೊಮ್ಮೆ ಹೀಗಾಗಬಾರದು ಅನ್ನುವ ಧೈರ್ಯ. ಡ್ರಾಯಿಂಗ್ ಬದಲಾವಣೆಯ ಮೇಲ್‌ಗಳಿಗೆ ಮಾತ್ರ ಎರಡು ವಾರ ಬೇರೆ ರೀತಿ ಮಾಡಿ ನೋಡೋಣ ಅಂತ ಕೇಳಿ.

ತಿಪಟೂರಿನ ಹುಡುಗಿ

ಮೂರು ವಾರ ಆಯಿತು. ಎಲ್ಲರಿಗೂ ಉತ್ತರ ಬರೆಯಬೇಕು ಅಂತ ಇವತ್ತು ಕೂತೆ.

ಮ್ಯಾನೇಜರ್ ಹತ್ತಿರ ಸರ್ವರ್ ರೂಮ್ ಸರ್ ಹೇಳಿದ ಹಾಗೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಡ್ರಾಯಿಂಗಿಗೆ ಮಾತ್ರ’ ಅಂದರು. ಉಳಿದದ್ದಕ್ಕೆ ಇನ್ನೂ ಎಲ್ಲರೂ ಸಿಸಿಯಲ್ಲಿದ್ದಾರೆ.

ಅದೇ ಬುಶ್ಶಿನ ಹೊಸ ಲಾಟಿಗೆ ನಾನು ಬರೆದ ಮೇಲ್ ಇದು. ಸಬ್ಜೆಕ್ಟ್: ‘ಬುಶ್, ರಿವಿಷನ್ ಸಿ, ಬೋರ್ 20: ಇವತ್ತೇ ಹಳೇ ಪ್ರಿಂಟ್ ತೆಗೆಯಿರಿ’. ಒಳಗೆ: ‘ಅಣ್ಣ, ಬೋರ್ 22 ಅಲ್ಲ, 20. ಮಷಿನ್ ಮೇಲಿನ ಹಳೇ ಪ್ರಿಂಟ್ ಕಿತ್ತು ಇದನ್ನು ಅಂಟಿಸಿ. ರಾತ್ರಿ ಪಾಳಿಯವರಿಗೂ ಹೇಳಿ. ಬೋರ್ ಎಷ್ಟು ಅಂತ ಸಂಜೆ 6ರೊಳಗೆ ತಿರುಗಿ ಬರೆಯಿರಿ. ಕ್ರಮಕ್ಕೆ: ನೀವು. ಮಾಹಿತಿಗೆ: ನಮ್ಮ ಕ್ವಾಲಿಟಿ, ಸ್ಟೋರ್ಸ್.’ ‘ಟು’ನಲ್ಲಿ ಒಬ್ಬರು, ಸಿಸಿಯಲ್ಲಿ ಇಬ್ಬರು. ಸೆಂಡ್ ಒತ್ತುವಾಗ ಕೈ ನಡುಗಿತು. ಆಫೀಸಿನಿಂದ ಕನ್ನಡದಲ್ಲಿ ಹೋದ ಮೊದಲ ಮೇಲ್ ಅದೇ ಇರಬೇಕು.

5:20ಕ್ಕೆ ಉತ್ತರ ಬಂತು. ‘20. ಅಂಟಿಸಿದ್ದೀನಿ ತಂಗಿ.’ ಜೊತೆಗೆ ಮಷಿನ್ ಬಾಗಿಲಿನ ಫೋಟೋ. ನಾನು ಫೋಟೋ ಕೇಳಿರಲಿಲ್ಲ. ಮೊದಲ 60 ಪೀಸ್ ಶುಕ್ರವಾರ ಬಂದವು, ಎಲ್ಲ ಸರಿ ಇದ್ದವು. ಸ್ಟೋರ್ಸ್‌ನವರು ಬಂದು, ನಮಗೂ ಹೀಗೇ ಬರೆಯಮ್ಮ ಅಂದರು.

ಒಂದು ಮಾತ್ರ ಉಳಿದಿದೆ. ಗಿರಾಕಿ ಕಂಪನಿಯವರು ಈಗಲೂ ಆ ಪೇಮೆಂಟ್ ಮೇಲ್‌ಗೇ ರಿಪ್ಲೈ ಮಾಡಿ ಹೊಸ ಡ್ರಾಯಿಂಗ್ ಕಳಿಸುತ್ತಾರೆ. ಅವರು ನಮಗೆ ಕೆಲಸ ಕೊಡುವವರು. ನಾನು ಚಿಕ್ಕವಳು. ಹೇಗೆ ಹೇಳಲಿ?

ಕಚೇರಿ ಪ್ರತಿ

ಹೇಳುವುದು ಬೇಡ ತಂಗಿ, ಮಾಡಿ ತೋರಿಸಿ. ಅವರ ಮೇಲ್‌ಗೆ ರಿಪ್ಲೈ ಒತ್ತಬೇಡಿ. ಹೊಸ ಮೇಲ್ ತೆರೆದು ವಿಷಯದಲ್ಲಿ ಬುಶ್ಶಿನ ನಂಬರ್, ರಿವಿಷನ್ ಹಾಕಿ. ‘ಉಲ್ಲೇಖ: ತಮ್ಮ ಇಂಥ ದಿನಾಂಕದ ಮೇಲ್’ ಅಂತ ಇಂಗ್ಲಿಷ್‌ನಲ್ಲೇ ಒಂದು ಸಾಲು ಬರೆಯಿರಿ. ಡ್ರಾಯಿಂಗ್ ತಲುಪಿದೆ, ಬೋರ್ ಇಷ್ಟು ಅಂತ ಓದಿಕೊಂಡಿದ್ದೇವೆ, ಸರಿಯೇ ತಿಳಿಸಿ ಅಂತ ಕೇಳಿ. ಅವರು ಉತ್ತರಿಸುವುದು ನಿಮ್ಮ ಹೊಸ ಮೇಲ್‌ಗೆ. ಡ್ರಾಯಿಂಗಿಗೆ ಅಲ್ಲಿಂದ ಬೇರೆ ಕಡತ ಶುರುವಾಗುತ್ತದೆ.