ಹಳೇ ಹಳ್ಳಿಗೆ ಸಂರಕ್ಷಣಾ ವಲಯ: ಗೆರೆ ಎಲ್ಲಿ ಎಳೆಯೋದು?

ಗಿರಣಿಬೀದಿ:

ನಮಸ್ಕಾರ ಎಲ್ಲರಿಗೂ. ಒಂದು ಹಳೇ ಹಳ್ಳಿಯನ್ನು ಪಾರಂಪರಿಕ ಸಂರಕ್ಷಣಾ ವಲಯ ಮಾಡಬೇಕು, ಅಂದರೆ ಊರಿನ ಹಳೇ ಸ್ವರೂಪ ಕೆಡದಂತೆ ಕಟ್ಟುವುದಕ್ಕೆ, ಕೆಡವುವುದಕ್ಕೆ ನಿಯಮ ಇರುವ ಪ್ರದೇಶ ಮಾಡಬೇಕು ಅಂತ ಮಾತುಕತೆ ನಡೆಯುತ್ತಿದೆ. ಅದರ ಸಮಿತಿಯಲ್ಲಿ ನಾನೂ ಇದ್ದೇನೆ. ಇರುವುದು ಒಂದೇ ಮುಖ್ಯ ಬೀದಿ, ಎರಡೂ ಕಡೆ ಕಲ್ಲು ಮತ್ತು ಮರದ ಹಳೇ ಮನೆಗಳು, ಬೀದಿ ಮುಗಿಯುವಲ್ಲಿ ಹೊಳೆ, ದಂಡೆಯಲ್ಲಿ ಎಂದೋ ನಿಂತುಹೋದ ಹಿಟ್ಟಿನ ಗಿರಣಿ, ಆಚೆಗೆಲ್ಲ ಹೊಲ. ನಡುನಡುವೆ ಈಚೆಗೆ ಕಟ್ಟಿದ ಮನೆಗಳೂ ಇವೆ.

ಸಮಿತಿಯಲ್ಲಿ ಅರ್ಧ ಜನ ಬೀದಿಯ ಮನೆಗಳಷ್ಟೇ ಸಾಕು ಅನ್ನುತ್ತಾರೆ. ಉಳಿದವರು ಹೊಲ, ಹೊಳೆ ಎಲ್ಲ ಸೇರಲಿ ಅನ್ನುತ್ತಾರೆ. ಹೊಸ ಮನೆಗಳನ್ನು ವಲಯದ ಗೆರೆಯಿಂದ ಹೊರಗೆ ಬಿಡಬೇಕಾ ಅನ್ನುವುದೂ ತೀರ್ಮಾನ ಆಗಿಲ್ಲ. ಇದಕ್ಕಿಂತ ದೊಡ್ಡ ತಲೆನೋವು ಅಂದರೆ ಜನರ ಹೆದರಿಕೆ. ಸಭೆಯಲ್ಲಿ ಒಬ್ಬರು ಎದ್ದು ನಿಂತು "ಕಿಟಕಿ ಕೆಟ್ಟರೆ ಯಾರನ್ನು ಕೇಳಬೇಕು, ಎಷ್ಟು ದಿನ ಕಾಯಬೇಕು?" ಅಂತ ಕೇಳಿದರು. ಅದಕ್ಕೆ ವೇದಿಕೆ ಮೇಲಿದ್ದ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಇಂಥ ಕೆಲಸ ಮಾಡಿದವರು ಯಾರಾದರೂ ಇದ್ದರೆ ಎಲ್ಲಿಂದ ಶುರು ಮಾಡಬೇಕು ಹೇಳಿ.

ನಕ್ಷೆಮಾಸ್ತರ್:

ಗೆರೆಯನ್ನು ಕೊನೆಗೆ ಎಳೆಯಿರಿ. ಮೊದಲು ಅಧ್ಯಯನ, ಆಮೇಲೆ ಗೆರೆ, ಅದಾದ ಮೇಲೆ ನಿಯಮ. ಮೊದಲ ಸಭೆಯಲ್ಲೇ ನಕ್ಷೆ ಮೇಲೆ ಪೆನ್ನು ಇಟ್ಟು ಸುತ್ತು ಹಾಕಿಬಿಟ್ಟರೆ ಮುಂದಿನ ಜಗಳವೆಲ್ಲ ಆ ಸುತ್ತಿನ ಬಗ್ಗೆಯೇ ಆಗುತ್ತದೆ, ಹಳ್ಳಿಯಲ್ಲಿ ಉಳಿಸಬೇಕಾದದ್ದು ಏನು ಅನ್ನುವ ಮಾತೇ ಬರುವುದಿಲ್ಲ.

ಕೆನಡಾದ ಒಂಟಾರಿಯೊ ಪ್ರಾಂತ್ಯ ನೋಡಿ. ಅಲ್ಲಿನ ಪಾರಂಪರಿಕ ಕಾಯ್ದೆ 1975ರದ್ದು. ಅದರ ಐದನೇ ಭಾಗ ಇರುವುದೇ ಇಂಥ ವಲಯಗಳಿಗಾಗಿ. ಆ ಪ್ರಾಂತ್ಯದಲ್ಲಿ ಮೊದಲ ವಲಯ ಆಗಿದ್ದು ಯಾವುದೋ ದೊಡ್ಡ ಪೇಟೆಯಲ್ಲ, ಮೆಡೋವೇಲ್ ಅನ್ನುವ ಗಿರಣಿ ಹಳ್ಳಿ, 1980ರಲ್ಲಿ. ಈಗ ಮಿಸ್ಸಿಸಾಗಾ ನಗರ ಅದನ್ನು ಸುತ್ತಲಿಂದ ಮುತ್ತಿಕೊಂಡಿದೆ. 2014ರಲ್ಲಿ ಅವರು ಯೋಜನೆಯನ್ನೇ ಹೊಸದಾಗಿ ಬರೆಯಬೇಕಾಯಿತು. ಇಂಥ ಕಡೆ ಒಂದೇ ಒಂದು ಹಳೇ ಮನೆ ಬೀಳದಿದ್ದರೂ ಹಳ್ಳಿ ಕೈತಪ್ಪಿ ಹೋಗಬಹುದು. ಚಿಕ್ಕ ಮನೆಯ ಬೆನ್ನಿಗೆ ಅದರ ಮೂರರಷ್ಟು ದೊಡ್ಡದು ಎದ್ದರೆ, ರಸ್ತೆ ಬದಿಯ ಹುಲ್ಲು ಮತ್ತು ಚರಂಡಿ ಹೋಗಿ ಕಾಂಕ್ರೀಟ್ ಅಂಚು ಬಂದರೆ, ಎರಡು ಮನೆಗಳ ನಡುವಿನ ಖಾಲಿ ಜಾಗ ತುಂಬಿಹೋದರೆ ಸಾಕು.

ಅದಕ್ಕೇ ಹೇಳುವುದು, ಪಟ್ಟಿ ಮಾಡುವಾಗ ಮನೆಗಳ ಮುಂಭಾಗದ ಫೋಟೋ ತೆಗೆದು ಮುಗಿಸಬೇಡಿ. ಮನೆಗೂ ರಸ್ತೆಗೂ ಎಷ್ಟು ದೂರ, ಅಕ್ಕಪಕ್ಕದ ಮನೆಗಳ ನಡುವೆ ಎಷ್ಟು ಜಾಗ, ಮಾಡು ಯಾವ ಕಡೆ ಇಳಿಜಾರು, ಬೇಲಿ ಎಷ್ಟು ಎತ್ತರ, ಗಿರಣಿಗೆ ನೀರು ತಂದ ಕಾಲುವೆಯ ಗುರುತು ಎಲ್ಲಿ ಉಳಿದಿದೆ, ಎಲ್ಲವನ್ನೂ ಬರೆದುಕೊಳ್ಳಿ. ಹಳ್ಳಿಯನ್ನು ಹಳ್ಳಿ ಮಾಡಿರುವುದು ಬಹುಪಾಲು ಈ ಖಾಲಿ ಜಾಗಗಳೇ.

ಹೊಲದ ವಿಷಯ. ಬೀದಿಯಲ್ಲಿ ನಿಂತರೆ ಕಾಣುವ ಹೊಲ, ಹೊಳೆ ದಂಡೆ, ಊರಿಗೆ ಬರುವ ದಾರಿಯ ಎರಡು ಬದಿ, ಇಷ್ಟು ಸೇರಲಿ. ಕಣ್ಣಿಗೆ ಬೀಳದ ಹೊಲವನ್ನೂ ಎಳೆದುಕೊಂಡರೆ ಸಮರ್ಥಿಸುವುದು ಕಷ್ಟ. ಒಂಟಾರಿಯೊದಲ್ಲಿ 2023ರಿಂದ ಒಂದು ಷರತ್ತು ಇದೆ: ಗೆರೆಯೊಳಗಿನ ಆಸ್ತಿಗಳಲ್ಲಿ ಕನಿಷ್ಠ ಶೇ. 25ರಷ್ಟು, ಪಾರಂಪರಿಕ ಮೌಲ್ಯ ಅಳೆಯಲು ನಿಗದಿ ಮಾಡಿದ ಮಾನದಂಡಗಳಲ್ಲಿ ಎರಡನ್ನಾದರೂ ಮುಟ್ಟಬೇಕು. ನಿಮ್ಮಲ್ಲಿ ಅಂಥ ಕಾನೂನು ಇಲ್ಲದಿದ್ದರೂ ಈ ಲೆಕ್ಕ ಒಮ್ಮೆ ಹಾಕಿ ನೋಡಿ. ಗೆರೆ ಸುಮ್ನೆ ಹಿಗ್ಗಿದೆಯಾ ಅಂತ ಗೊತ್ತಾಗುತ್ತದೆ.

ಹೊಸ ಮನೆಗಳನ್ನು ಹೊರಗೆ ಬಿಡಬೇಡಿ. ಬಿಟ್ಟರೆ ಗೆರೆಯಲ್ಲಿ ತೂತು ಬೀಳುತ್ತದೆ, ನಾಳೆ ಆ ಜಾಗದಲ್ಲಿ ಏನು ಬೇಕಾದರೂ ಎದ್ದೀತು. ಅವುಗಳನ್ನು ಉಳಿಸಿಕೊಳ್ಳಲೇಬೇಕು ಅಂತೇನಿಲ್ಲ. ಕೆಡವಿ ಕಟ್ಟುವಾಗ ಎತ್ತರ, ಅಗಲ, ರಸ್ತೆಯಿಂದ ಬಿಡುವ ದೂರ ಮಾತ್ರ ಅಕ್ಕಪಕ್ಕಕ್ಕೆ ಹೊಂದಬೇಕು ಅಂತ ಹಾಕಿ.

ಹಳೇಮನೆವಾಸಿ:

ನಾನು ಇಂಥ ವಲಯದೊಳಗೇ ಇರುವವಳು. ಆ ಕಿಟಕಿ ಪ್ರಶ್ನೆ ಕೇಳಿದವರಿಗೆ ನನ್ನ ಪೂರ್ತಿ ಬೆಂಬಲ.

ನಮ್ಮ ವಲಯದ ನಿಯಮದಲ್ಲಿ "ಸೂಕ್ತ ರೀತಿಯಲ್ಲಿ" ಅಂತ ಇತ್ತು. ಯಾರಿಗೆ ಸೂಕ್ತ? ಕಚೇರಿಯಲ್ಲಿ ಒಬ್ಬ ಅಧಿಕಾರಿ ಸರಿ ಅಂದದ್ದನ್ನು ಮುಂದಿನವರು ಬೇಡ ಅಂದರು. ಆದ್ದರಿಂದ ಯೋಜನೆಯ ಮೊದಲ ಪುಟದಲ್ಲೇ ಯಾವುದಕ್ಕೆ ಪರ್ಮಿಶನ್ ಬೇಡ ಅಂತ ಬರೆಯಿಸಿ. ಒಳಗಿನ ಬಣ್ಣ, ಅಡುಗೆಮನೆ, ಬಚ್ಚಲುಮನೆ, ಒಡೆದ ಹೆಂಚಿನ ಬದಲು ಅಂಥದ್ದೇ ಹೆಂಚು, ರಸ್ತೆಗೆ ಕಾಣದ ಹಿಂದಿನ ಚಿಕ್ಕ ರಿಪೇರಿ, ಇವಕ್ಕೆಲ್ಲ ಯಾರ ಬಾಗಿಲೂ ತಟ್ಟಬೇಕಾಗಿಲ್ಲ ಅಂತ ಓದಿದ ಮೇಲೆ ಜನರ ಮುಖವೇ ಬದಲಾಗುತ್ತದೆ. ಬೇಕಾದದ್ದಕ್ಕೆ ಇಷ್ಟು ದಿನದಲ್ಲಿ ಉತ್ತರ ಅಂತ ಗಡುವೂ ಇರಲಿ.

ಇನ್ನು ಮರದ ಕಿಟಕಿ. ಅದು ಪೂರ್ತಿ ಹಾಳಾಗುವುದು ಅಪರೂಪ. ನೀರು ನಿಲ್ಲುವುದು ಕೆಳಗಿನ ಪಟ್ಟಿಯಲ್ಲಿ, ಕೊಳೆಯುವುದೂ ಅಲ್ಲೇ. ಬಡಗಿ ಕೊಳೆತಷ್ಟನ್ನು ಓರೆಯಾಗಿ ಕೊಯ್ದು ಹೊಸ ತುಂಡು ಜೋಡಿಸಿ, ಸಂದಿಗೆ ಲಪ್ಪ (ಪುಟ್ಟಿ) ತುಂಬಿ ಬಣ್ಣ ಹೊಡೆದರೆ ಮತ್ತೆ ಬಹಳ ಕಾಲ ಬರುತ್ತದೆ. ಗಾಳಿ ನುಗ್ಗುತ್ತದೆ ಅಂದರೆ ಒಳಗಡೆ ಇನ್ನೊಂದು ಗಾಜಿನ ಚೌಕಟ್ಟು ಹಾಕಿಸಬಹುದು, ಹೊರಗಿಂದ ಏನೂ ಗೊತ್ತಾಗುವುದಿಲ್ಲ. ಪ್ಲಾಸ್ಟಿಕ್ ಕಿಟಕಿ ಮಾರುವವರು ಇದನ್ನು ಹೇಳುವುದಿಲ್ಲ, ಯಾಕೆ ಹೇಳುತ್ತಾರೆ ಬಿಡಿ.

ಗೋಡೆ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ತೇವವನ್ನು ಹೀರುತ್ತದೆ, ಹೊರಗೂ ಬಿಡುತ್ತದೆ. ಸಂದುಗಳನ್ನು ಕೆದಕಿ ಸಿಮೆಂಟ್ ತುಂಬಿದರೆ ಆ ದಾರಿ ಮುಚ್ಚಿಹೋಯಿತು. ಸಿಮೆಂಟ್ ಗಟ್ಟಿ, ಹಳೇ ಇಟ್ಟಿಗೆ ಮೆದು. ತೇವ ಇಟ್ಟಿಗೆಯ ಮೂಲಕವೇ ಹೊರಬರಬೇಕಾಗುತ್ತದೆ, ಕೆಲವು ವರ್ಷದಲ್ಲಿ ಇಟ್ಟಿಗೆಯ ಮುಖ ಪದರ ಪದರವಾಗಿ ಉದುರುತ್ತದೆ, ಸಿಮೆಂಟ್ ಗೆರೆಗಳು ಮಾತ್ರ ಹೊರಗೆ ಚಾಚಿಕೊಂಡು ನಿಲ್ಲುತ್ತವೆ. ಒಳ್ಳೇದಾಗಲಿ ಅಂತ ಮಾಡಿಸಿದ ರಿಪೇರಿಯೇ ಗೋಡೆ ತಿನ್ನುತ್ತದೆ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಗಳ ಪಟ್ಟಿಯನ್ನು ಸಮಿತಿಯೇ ಮಾಡಿಕೊಟ್ಟರೆ, ನಿಮ್ಮ ಐವತ್ತು ಪುಟದ ವರದಿಗಿಂತ ಜಾಸ್ತಿ ಉಪಕಾರ.

ಖಡಕ್‌ಮಾತು:

ಎಲ್ಲ ಸರಿ, ಆದರೆ ಇಲ್ಲಿ ಯಾರೂ ರೈತರ ಮಾತೇ ಎತ್ತಿಲ್ಲ. ಹಳೇ ಕೊಟ್ಟಿಗೆಯ ಬಾಗಿಲಲ್ಲಿ ಈಗಿನ ಟ್ರ್ಯಾಕ್ಟರ್ ನುಗ್ಗುವುದಿಲ್ಲ. ಹೊಸ ಶೆಡ್ ಬೇಕು ಅಂದರೆ "ನೋಟ ಕೆಡುತ್ತದೆ" ಅನ್ನುತ್ತೀರಿ. ನೋಡೋಕೆ ಬಂದವರು ಫೋಟೋ ಹೊಡೆದುಕೊಂಡು ಹೋಗುತ್ತಾರೆ, ಕಷ್ಟ ಪಡುವವರು ಅಲ್ಲೇ ಇರುವವರು, ಅಲ್ವಾ? ವಲಯ ಆದಮೇಲೆ ಮನೆಗಳ ಬೆಲೆ ಏರಿ, ಹೊರಗಿನವರು ಕೊಂಡು ವರ್ಷದಲ್ಲಿ ಎರಡು ವಾರ ಬಂದುಹೋಗುವ ಹಳ್ಳಿ ಆದರೆ ನೀವು ಉಳಿಸಿದ್ದು ಏನು?

ನಕ್ಷೆಮಾಸ್ತರ್:

ಖಡಕ್‌ಮಾತು ಅವರೇ, ಒಪ್ಪುತ್ತೇನೆ, ಈ ಪ್ರಶ್ನೆ ಯೋಜನೆಯೊಳಗೇ ಬರಬೇಕು. ಜಪಾನಿನ ತ್ಸುಮಾಗೊ ಊರಿನವರು ಇದನ್ನು ಮೊದಲೇ ಯೋಚಿಸಿದ್ದರು. 1971ರಲ್ಲಿ ಊರಿನವರೇ ಕೂತು ಮಾಡಿಕೊಂಡ ಒಪ್ಪಂದ: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ಸರ್ಕಾರದ ಕಾನೂನು ಬಂದದ್ದು ಆಮೇಲೆ, 1975ರಲ್ಲಿ. ಮರುವರ್ಷ ಆರಿಸಿದ ಮೊದಲ ವಲಯಗಳಲ್ಲಿ ತ್ಸುಮಾಗೊ ಇತ್ತು, ಶಿರಾಕಾವಾದ ಓಗಿಮಾಚಿ ಹಳ್ಳಿಯೂ ಇತ್ತು. ತ್ಸುಮಾಗೊದ ಮುಖ್ಯ ಬೀದಿಗೆ ಹಗಲು ಹೊತ್ತು ಕಾರು ಬಿಡುವುದಿಲ್ಲ, ಕರೆಂಟ್ ತಂತಿಗಳನ್ನು ಮನೆಗಳ ಹಿಂದಕ್ಕೆ ಹಾಕಿದ್ದಾರೆ. ಓಗಿಮಾಚಿಯ ಮನೆಗಳದ್ದು ದಪ್ಪ ಹುಲ್ಲಿನ ಮಾಡು, ಒಂದು ಕಿಡಿ ಬಿದ್ದರೆ ಮುಗೀತು, ಹಾಗಾಗಿ ಊರಿಡೀ ನೀರು ಚಿಮ್ಮಿಸುವ ಕೊಳವೆಗಳಿವೆ. ಬೆಂಕಿಯ ವಿಷಯ ನಿಮ್ಮ ಯೋಜನೆಯಲ್ಲೂ ಇರಲಿ, ಬಹಳ ಜನ ಮರೆಯುವುದು ಇದನ್ನೇ.

ಮಾರಬೇಡಿ ಅನ್ನುವುದನ್ನು ಎಲ್ಲ ಕಡೆ ಹೇರಲು ಆಗುವುದಿಲ್ಲ, ಅದು ಗೊತ್ತು. ಆದರೆ ಶೆಡ್ ವಿಷಯಕ್ಕೆ ದಾರಿ ಇದೆ. ಶೆಡ್ ಬೇಡ ಅನ್ನಬೇಡಿ, ಎಲ್ಲಿ ಕಟ್ಟಬಹುದು ಅಂತ ಈಗಲೇ ನಕ್ಷೆಯಲ್ಲಿ ಗುರುತು ಹಾಕಿ: ಹಳೇ ಕೊಟ್ಟಿಗೆಯ ಹಿಂದೆ, ಗಾಢ ಬಣ್ಣದ ತಗಡು, ಮಾಡು ಹಳೇದಕ್ಕಿಂತ ಎತ್ತರ ಬೇಡ. ರೈತ ಅರ್ಜಿ ಹಿಡಿದು ಬಂದಮೇಲೆ ಚರ್ಚೆ ಶುರು ಮಾಡಿದರೆ ಬರೀ ಮನಸ್ತಾಪ.

ಮರಗಳಿಗೆ ಬ್ರಿಟನ್ನಿನ ಪದ್ಧತಿ ನನಗೆ ಇಷ್ಟ. ಅಲ್ಲಿ 1967ರ ಕಾಯ್ದೆಯಿಂದ ಸಂರಕ್ಷಣಾ ಪ್ರದೇಶಗಳು ಶುರುವಾದವು. ಈಗ ಅಂಥ ಪ್ರದೇಶದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಅಳೆದಾಗ ಕಾಂಡ 75 ಮಿಲಿಮೀಟರಿಗಿಂತ ದಪ್ಪ ಇರುವ ಮರ ಕಡಿಯಬೇಕಾದರೆ ಸಾಮಾನ್ಯವಾಗಿ ಆರು ವಾರ ಮೊದಲೇ ತಿಳಿಸಬೇಕು. ಅಷ್ಟರಲ್ಲಿ ಆಡಳಿತ ಬೇಕಾದರೆ ಆ ಮರಕ್ಕೆ ರಕ್ಷಣೆ ಕೊಡಬಹುದು. ಟೇಪು ಹಿಡಿದರೆ ಯಾರಿಗಾದರೂ ತಿಳಿಯುವ ನಿಯಮ.

ಗಿರಣಿಬೀದಿ:

ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ಸಭೆಗೆ ನಕ್ಷೆ ಒಯ್ಯುವುದಿಲ್ಲ, ಪರ್ಮಿಶನ್ ಬೇಡದ ಕೆಲಸಗಳ ಪಟ್ಟಿ ಒಯ್ಯುತ್ತೇನೆ. ಇನ್ನೊಂದೇ ಅನುಮಾನ. ಅಧ್ಯಯನ ಮುಗಿಯುವುದರೊಳಗೆ ಯಾರಾದರೂ ಹೆದರಿ ಹಳೇ ಮನೆ ಕೆಡವಿಬಿಟ್ಟರೆ?

ನಕ್ಷೆಮಾಸ್ತರ್:

ಅದು ನಿಜವಾಗಲೂ ಆಗುತ್ತದೆ. ಒಂಟಾರಿಯೊದಲ್ಲಿ ಅಧ್ಯಯನ ನಡೆಯುವಾಗ ಒಂದು ವರ್ಷದವರೆಗೆ ಕೆಡವುವುದನ್ನೂ ಬದಲಾಯಿಸುವುದನ್ನೂ ತಡೆಹಿಡಿಯಲು ಸ್ಥಳೀಯ ಆಡಳಿತಕ್ಕೆ ಅಧಿಕಾರ ಇದೆ. ನಿಮ್ಮ ಕಾನೂನಿನಲ್ಲಿ ಅಂಥದ್ದು ಇದೆಯಾ ಅಂತ ಮೊದಲು ವಕೀಲರನ್ನು ಕೇಳಿ. ಇದ್ದರೆ ಅಧ್ಯಯನ ಘೋಷಿಸುವ ದಿನವೇ ತಡೆಯೂ ಜಾರಿಯಾಗಲಿ. ಇಲ್ಲದಿದ್ದರೆ ಘೋಷಣೆಗೆ ಮುಂಚೆ ಮನೆಮನೆಗೆ ಹೋಗಿ ಮಾತಾಡಿ, ಆ ಕಿಟಕಿಯವರ ಮನೆಗೆ ಎಲ್ಲರಿಗಿಂತ ಮೊದಲು.