ಲಿಪಿಡ್‌ಗೆ ‘ಕೊಬ್ಬು’ ಅಂದರೆ ಸಾಕಾ?

ಗೆಳೆಯರೇ, ನಮಸ್ಕಾರ.

ಕಲಬುರಗಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತೇನೆ. ಕನ್ನಡದಲ್ಲಿ ಟಿಪ್ಪಣಿ ಬರೆಯುವಾಗ, ಎಣ್ಣೆ, ತುಪ್ಪ, ಮೇಣದಂಥ ನೀರಿನಲ್ಲಿ ಕರಗದ ವಸ್ತುಗಳ ಗುಂಪಾದ ಲಿಪಿಡ್‌ಗೆ ಸುಮ್ನೆ ‘ಕೊಬ್ಬು’ ಅಂತ ಬರೆದೆ. ಮರುದಿನ ಕ್ಲಾಸಿನಲ್ಲಿ, ‘ಪ್ರತಿ ಜೀವಕೋಶದ ಸುತ್ತಲೂ ಕೊಬ್ಬಿನ ಪೊರೆ ಇರುತ್ತದೆ’ ಅಂದೆ. ಹಿಂದಿನ ಬೆಂಚಿನಿಂದ ಬಂತು: “ಸರ, ಹಂಗಾದ್ರ ಸಣ್ಣ ಇದ್ದವರಿಗಿ ಪೊರಿ ಇರಲ್ಲೇನ್ರಿ?”

ಎಲ್ಲರೂ ನಕ್ಕರು. ಆದರೆ ಹುಡುಗ ಕೇಳಿದ್ದು ಸರಿ, ಎಡವಿದ್ದು ನನ್ನ ಪದ. ನಾವು ಕೊಬ್ಬು ಅನ್ನುವುದು ಮೈಯಲ್ಲಿ ಕೂಡಿಟ್ಟಿದ್ದನ್ನು. ಅದರಲ್ಲಿ ಗ್ಲಿಸರಾಲ್ ಎಂಬ ಸಣ್ಣ ಅಣುವಿಗೆ ಮೂರು ಕೊಬ್ಬಿನಾಮ್ಲ (ಉದ್ದ ಬಾಲದಂಥ ಅಣುಗಳು) ಅಂಟಿರುತ್ತವೆ, ಗ್ರಾಮಿಗೆ ಸುಮಾರು 9 ಕಿಲೋಕ್ಯಾಲರಿ ಸಿಗುತ್ತದೆ. ಪೊರೆಯಲ್ಲಿರುವುದು ಹೆಚ್ಚಾಗಿ ಫಾಸ್ಫೋಲಿಪಿಡ್. ಅದರಲ್ಲಿ ಕೊಬ್ಬಿನಾಮ್ಲ ಎರಡೇ, ಮೂರನೆಯ ಜಾಗದಲ್ಲಿ ಫಾಸ್ಫೇಟ್ ಕೂತಿರುತ್ತದೆ. ಅಷ್ಟಕ್ಕೇ ನಡತೆ ಬದಲಾಗುತ್ತದೆ. ಫಾಸ್ಫೇಟ್ ಇರುವ ತಲೆಗೆ ನೀರು ಬೇಕು, ಕೊಬ್ಬಿನಾಮ್ಲದ ಬಾಲಗಳು ನೀರು ಒಲ್ಲೆ ಅನ್ನುತ್ತವೆ. ಅದಕ್ಕೇ ಈ ಅಣುಗಳು ಬಾಲಗಳನ್ನು ಒಳಗಿಟ್ಟುಕೊಂಡು ಎರಡು ಸಾಲಾಗಿ ನಿಲ್ಲುತ್ತವೆ. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಡಚ್ ವಿಜ್ಞಾನಿಗಳು ಕೆಂಪು ರಕ್ತಕಣಗಳ ಲಿಪಿಡ್ ತೆಗೆದು ನೀರಿನ ಮೇಲೆ ಹರಡಿದಾಗ, ಕಣಗಳ ಹೊರಮೈಯ ಎರಡರಷ್ಟು ಜಾಗ ಹಿಡಿದಿತ್ತು, ಅಂದರೆ ಪೊರೆಯಲ್ಲಿ ಎರಡು ಸಾಲು. ಇನ್ನು ಕೊಲೆಸ್ಟರಾಲ್‌ನಲ್ಲಿ ಕೊಬ್ಬಿನಾಮ್ಲವೇ ಇಲ್ಲ, ನಾಲ್ಕು ಉಂಗುರಗಳಿವೆ. ಅದೂ ಲಿಪಿಡ್ಡೇ!

ಬೇರೆ ಪದ ಹುಡುಕಿದೆ. ‘ಮೇದಸ್ಸು’ ಇದೆ, ಮೇದೋಜೀರಕ ಗ್ರಂಥಿಯ ಹೆಸರಿನಲ್ಲೂ ಅದೇ ಕೂತಿದೆ. ಆದರೆ ಮಕ್ಕಳಿಗೆ ಅದು ಬಾಯಿಪಾಠದ ಹೆಸರು ಅಷ್ಟೇ. ‘ಚರಬಿ’ ನಮ್ಮ ಕಡೆ ಮಟನ್ ಅಂಗಡಿಯ ಮಾತು.

ನನಗೆ ಹಿಡಿಸಿದ್ದು ‘ಜಿಡ್ಡು’. ಶೇಂಗಾ ಬೀಜವನ್ನು ಬಿಳಿ ಹಾಳೆಗೆ ಉಜ್ಜಿ ಬೆಳಕಿಗೆ ಹಿಡಿದು ತೋರಿಸಿದೆ. ಪಕ್ಕದಲ್ಲಿ ಒಂದು ಹನಿ ನೀರು. ನೀರಿನ ಕಲೆ ಆರಿಹೋಯಿತು, ಶೇಂಗಾದ್ದು ಹಾಗೇ ಉಳಿಯಿತು, ಹಾಳೆಯ ಆಚೆಯ ಬೆಳಕು ಮಸುಕಾಗಿ ಕಾಣುತ್ತಿತ್ತು. ಕುಸುಬಿ ಎಣ್ಣೆ, ತುಪ್ಪಕ್ಕೂ ಇದೇ ಕಥೆ. ಜಿಡ್ಡು ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತೊಡಕು ಒಂದೇ. ‘ಜಿಡ್ಡುಗಟ್ಟಿದೆ’ ಅಂದರೆ ಕೊಳೆ ಕೂತು ಜಡವಾಗಿದೆ ಅಂತ ಅಲ್ವಾ? ಪೊರೆಯ ಅಣುಗಳೋ ಅಕ್ಕಪಕ್ಕ ಸದಾ ಜಾರುತ್ತಿರುತ್ತವೆ.

ಸದ್ಯಕ್ಕೆ ಒಟ್ಟು ಗುಂಪಿಗೆ ‘ಲಿಪಿಡ್’, ಕೂಡಿಟ್ಟಿದ್ದಕ್ಕೆ ಮಾತ್ರ ‘ಕೊಬ್ಬು’ ಅಂತ ತಿದ್ದಿಕೊಂಡಿದ್ದೇನೆ. ಬೀದರ್, ಯಾದಗಿರಿ ಕಡೆಯವರು ಹೇಳಿ: ಎಣ್ಣೆ, ತುಪ್ಪ, ಮೇಣ ಎಲ್ಲಕ್ಕೂ ಸೇರಿ ನಿಮ್ಮಲ್ಲಿ ಒಂದೇ ಮಾತು ಇದೆಯಾ? ಕೊಬ್ಬಿಗೆ ಹಳಗನ್ನಡದ ಮಾತಾದ ‘ನೆಣ’ ಯಾರ ಮನೆಯ ಹಿರಿಯರ ಬಾಯಲ್ಲಾದರೂ ಇನ್ನೂ ಉಳಿದಿದೆಯಾ?