ಸ್ಕ್ಯಾನ್ ಮಾಡಿ ಹಾಕುವ ಹಲ್ಲಿನ ಕ್ಯಾಪ್‌ಗೆ ಇಷ್ಟು ದುಡ್ಡು ಯಾಕೆ? ಹಾಕಿಸಿಕೊಂಡವರು ಹೇಳಿ

ಹಾಸನದವ: ಅಮ್ಮನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮುಗಿದಿದೆ. ಬಾಯಿ ಸ್ಕ್ಯಾನ್ ಮಾಡಿ ಜಿರ್ಕೋನಿಯಾ (ಲೋಹವಿಲ್ಲದ ಗಟ್ಟಿ ಪಿಂಗಾಣಿ) ಕ್ಯಾಪ್ ಹಾಕಿದರೆ 12,000, ಮೆಟಲ್ ಸೆರಾಮಿಕ್ (ಒಳಗೆ ಲೋಹ, ಮೇಲೆ ಪಿಂಗಾಣಿ) ಆದರೆ 5,000 ಅಂದರು. ಕ್ಯಾಪನ್ನು ಮಷಿನ್ನೇ ಕೊರೆಯುವಾಗ ಅಗ್ಗ ಆಗಬೇಕಲ್ವಾ?

ಮೈಸೂರು ಸೊಸೆ: ನಾನು 4,500ರ ಮೆಟಲ್ ಸೆರಾಮಿಕ್ ಹಾಕಿಸಿದ್ದೆ. ಅಳತೆಗೆ ಬಾಯಿ ತುಂಬ ಅಚ್ಚಿನ ಪೇಸ್ಟ್ ತುಂಬಿದಾಗ ವಾಂತಿಯೇ ಬಂತು. ಕ್ಯಾಪ್ ಎತ್ತರವಾಯಿತು ಅಂತ ಉಜ್ಜಿದರು. ವರ್ಷದೊಳಗೆ ಚಕ್ಕೆ ಎದ್ದು ಒಳಗಿನ ಲೋಹ ಕಾಣಿಸಿತು. ಕತ್ತರಿಸಿ ತೆಗೆಯಲು 800, ಹೊಸ ಜಿರ್ಕೋನಿಯಾಗೆ 11,000, ಆಟೋ ಖರ್ಚು ಬೇರೆ. ಡಾಕ್ಟರು "ಸಾರಿ" ಕೂಡ ಅನ್ನಲಿಲ್ಲ.

ಹುಬ್ಬಳ್ಳಿ ಲ್ಯಾಬ್: ಕ್ಯಾಪ್ ಮಾಡುವವರು ನಾವು. 98 ಮಿ.ಮೀ. ಅಗಲದ ಒಂದು ಜಿರ್ಕೋನಿಯಾ ಬಿಲ್ಲೆಯಲ್ಲಿ ಹತ್ತಾರು ಕ್ಯಾಪ್ ಏಳುತ್ತವೆ. ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆಯಬೇಕು, ಸುಮಾರು 1,500 ಡಿಗ್ರಿಯಲ್ಲಿ ಸುಟ್ಟಾಗ ಐದನೇ ಒಂದು ಪಾಲು ಕುಗ್ಗಿ ಅಳತೆಗೆ ಬರುತ್ತದೆ. ನಡುವೆ ಕರೆಂಟ್ ಹೋದರೆ ಅಷ್ಟೂ ಕಸಕ್ಕೆ. ಮಷಿನ್ ಸಾಲದ ಕಂತು ಕಟ್ಟೋದು ತಪ್ಪದು, ಪಕ್ಕದ ಲ್ಯಾಬಿನವನು ದಿನಾ ರೇಟು ಇಳಿಸುತ್ತಾನೆ. ನಾವು ಕ್ಲಿನಿಕ್‌ಗೆ ಕೊಡುವ ರೇಟು ಕೇಳಿದರೆ ನಿಮಗೆ ಅಳು ಬರುತ್ತದೆ. ಉಳಿದ ದುಡ್ಡು ಯಾರ ಜೇಬಿಗೆ ಅಂತ ಡಾಕ್ಟರನ್ನೇ ಕೇಳಿ.

ತುಮಕೂರು ಡೆಂಟಿಸ್ಟ್: ಜೇಬಿಗಾ? ಸ್ಕ್ಯಾನರ್ ಸಾಲ ಲಕ್ಷಗಳಲ್ಲಿದೆ. ಬಾಡಿಗೆ, ನರ್ಸ್ ಸಂಬಳ ನೀವು ಕೊಡ್ತೀರಾ? ಹಲ್ಲು ಅರೆಯುವ ಹೊತ್ತು ಸ್ಕ್ಯಾನರಿನಿಂದ ಒಂದು ನಿಮಿಷವೂ ಕಡಿಮೆಯಾಗಿಲ್ಲ. ನಿಮ್ಮ ಲ್ಯಾಬಿಂದ ಕ್ಯಾಪ್ ಸಡಿಲ ಬಂದರೆ ಬೈಸಿಕೊಳ್ಳುವವನು ನಾನು.

ಶಿರಸಿ ಅಪ್ಪ: ಮಗಳ ಅಲೈನರ್‌ಗೆ (ಹಲ್ಲು ಸಾಲಿಗೆ ತರುವ ಪ್ಲಾಸ್ಟಿಕ್ ಟ್ರೇಗಳು) 1,40,000 ಸುರಿದೆ. ಒಂದು ಟ್ರೇ ಕಳೆದಳು, ಅದಕ್ಕೆ ಬೇರೆ 3,500. ಅಮೆರಿಕದಲ್ಲಿ ಆಮೋಸ್ ಡಡ್ಲಿ ಅನ್ನೋ ಹುಡುಗ ಕಾಲೇಜಿನ 3ಡಿ ಪ್ರಿಂಟರಲ್ಲಿ ಅಚ್ಚು ತೆಗೆದು, 60 ಡಾಲರಿಗೂ ಕಡಿಮೆ ಖರ್ಚಲ್ಲಿ ತನ್ನ ಹಲ್ಲು ತಾನೇ ಸರಿ ಮಾಡಿಕೊಂಡ. ಪ್ಲಾಸ್ಟಿಕ್ ಅಷ್ಟೇ ಸ್ವಾಮಿ!

ತುಮಕೂರು ಡೆಂಟಿಸ್ಟ್: ಹಾಗಾದರೆ ಮನೆಯಲ್ಲೇ ಮಾಡಿ. ಬೇರು ಅಲ್ಲಾಡಿದಾಗ ಪ್ರಿಂಟರ್ ಹತ್ತಿರ ಹೋಗಿ. ಅಂಚೆಯಲ್ಲಿ ಅಲೈನರ್ ಕಳಿಸುತ್ತಿದ್ದ ಅಮೆರಿಕದ ಕಂಪನಿ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರಲ್ಲಿ ಬಾಗಿಲು ಹಾಕಿತು. ಅರ್ಧ ಸರಿದ ಹಲ್ಲಿನವರ ಗತಿ?

ಶಿರಸಿ ಅಪ್ಪ: ಹೆದರಿಸಬೇಡಿ. ನನ್ನ ಲಕ್ಷಕ್ಕೆ ಬಿಲ್ಲೇ ಕೊಟ್ಟಿಲ್ಲ, ಗೊತ್ತಾ? ಕ್ಯಾಶ್ ಮಾತ್ರ ಅಂದರು.

ಹುಬ್ಬಳ್ಳಿ ಲ್ಯಾಬ್: ಬಿಲ್ ಬಿಡಿ, ನನಗೆ ಒಬ್ಬರು ದೀಪಾವಳಿಯಿಂದ ದುಡ್ಡೇ ಕೊಟ್ಟಿಲ್ಲ.

ತುಮಕೂರು ಡೆಂಟಿಸ್ಟ್: ಅದು ನಾನಲ್ಲ. ನನ್ನನ್ನು ಯಾಕೆ ಎಳೀತೀರಿ?

ಮೈಸೂರು ಸೊಸೆ: ಶಿರಸಿಯವರೇ, ಬಿಲ್ ಇಲ್ಲದೆ ದುಡ್ಡು ಕೊಟ್ಟಿದ್ದು ಯಾಕೆ ಮೊದಲು ಹೇಳಿ.